ಸಾವ್ಕಾರ್ರ ದೋಣಿಗೆ ಎಂಜಿನ್ ಕೂರಿಸಿದ್ದು

ತಲ್ಲೂರಿನಲ್ಲಿ ಹೈವೇ ಪಕ್ಕ ನನ್ನದೊಂದು ಡೀಸೆಲ್ ಎಂಜಿನ್ ರಿಪೇರಿ ಶೆಡ್ ಇದೆ. ಇಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಎಂಜಿನ್ ಕೆಟ್ಟು ಬರುವವರಿಗಿಂತ ಎಂಜಿನ್ ಬೇಕು ಅಂತ ತಲೆ ಕೆಟ್ಟು ಬರುವವರೇ ಜಾಸ್ತಿ. ಒಬ್ಬರನ್ನು ಸಾಗಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಒಂದೇ ದೋಣಿ, ಒಂದೇ ಗಿರಾಕಿ, ಇಷ್ಟೆಲ್ಲ ರಗಳೆ ಕೊಟ್ಟದ್ದು ಇದೊಂದೇ ಸಲ.

ಗ್ರೈಂಡರ್ ನ್ಯಾಯ

ಗಿರಾಕಿ ಅಂದರೆ ಗುಲ್ವಾಡಿಯ ಸಾವ್ಕಾರ್ರು. ಮುಂಬೈಯಲ್ಲಿ ಹೋಟೆಲ್, ಊರಲ್ಲಿ ಹೊಳೆಬದಿಯ ಮನೆ, ಆ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಪುಟ್ಟ ಹಾಯಿ ದೋಣಿ. ಅದರಲ್ಲಿ ನಾಲ್ಕು ಜನ ಕೂತರೆ ಐದನೆಯವರು ಈಜಿಕೊಂಡೇ ಬರಬೇಕು.

ಹೊಳೆಯ ಆಚೆ ದಡದಲ್ಲಿ ಅವರ ಹೆಂಡತಿಯ ತೌರುಮನೆ. ಅಲ್ಲಿರುವುದು ಹೆಂಡತಿಯ ಅಣ್ಣ, ಅಂದರೆ ಭಾವ. ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಈ ಭಾವ, ನೆಂಟರೆಲ್ಲ ಕೇಳುವ ಹಾಗೆ, "ಭಾವ, ನಿಮ್ ದೋಣಿ ಹಗ್ಗ ಬಿಚ್ರೆ ಹೋತ್ತ್. ಆರೆ ಹೋಯ್ಕ್ ಅಂಬಲ್ಲಿಗ್ ಮಾತ್ರ ಹೋತ್ತಿಲ್ಲೆ" ಅಂದುಬಿಟ್ಟರು. ಹೋಗಬೇಕಾದಲ್ಲಿಗೆ ಮಾತ್ರ ಹೋಗದ ದೋಣಿ ಅಂತ!

ಸಾವ್ಕಾರ್ರು ಎಲೆಯ ಮುಂದೆಯೇ ಶಪಥ ಮಾಡಿದರು. "ಬಪ್ಪ ತಿಂಗ್ಳ್ ನಿಮ್ಮನಿ ಮೀನೂಟಕ್ಕೆ ಎಂಜಿನ್ ದೋಣಿಯಗೇ ಬತ್ತೆ. ಇಲ್ದಿರೆ ನಾವ್ ಗಂಡ ಹೆಂಡ್ತಿ ಇಬ್ರೂ ನಿಮ್ಮನಿ ಮೆಟ್ಲ್ ಹತ್ತೂದಿಲ್ಲೆ!"

ಮರುದಿನ ಶೆಡ್ಡಿಗೆ ಬಂದರು. ಜೊತೆಗೆ ಬಂದ ಅವರ ಹೆಂಡತಿ ನನ್ನನ್ನು ಬದಿಗೆ ಕರೆದು, "ಹ್ವಾಯ್, ಶಪಥ ಮಾಡಿದ್ದ್ ಇವ್ರ್. ಎಂಜಿನ್ ಓಡ್ದಿದ್ರೆ ತೌರುಮನಿ ತಪ್ಪಿ ಹೋಪ್ದ್ ನಂದ್, ನೆನ್ಪಿರ್ಲಿ" ಅಂದರು. ಪಾಪ, ನನಗೂ ಬೇಜಾರಾಯಿತು.

"ಹಿಂದುಗಡೆ ಹೊರಗೆ ನೇತುಹಾಕುವ ಸಣ್ಣ ಎಂಜಿನ್ ಸಾಕು" ಅಂದೆ.

"ಗ್ರೈಂಡರ್ ಯಾರಾರೂ ಅಂಗ್ಳದಗೆ ಇಡ್ತ್ರಾ? ಎಂಜಿನ್ ಒಳ್ಗೇ ಆಯ್ಕ್" ಅಂದರು ಸಾವ್ಕಾರ್ರು. ಅಷ್ಟಕ್ಕೇ ಬಿಡದೆ ತಾವೇ ಒಂದು ಎಂಜಿನ್ ಹಿಡಿದು ಟೆಂಪೋದಲ್ಲಿ ತಂದರು. ಎರಡು ಎಕರೆ ಗದ್ದೆಗೆ ನೀರು ಹಾಯಿಸುವಂಥದ್ದು! ದೋಣಿಯಲ್ಲಿಟ್ಟದ್ದೇ ತಡ, ಹಿಂಬದಿ ನೀರಿಗೆ ಕೂತು ಮೂತಿ ಆಕಾಶ ನೋಡತೊಡಗಿತು. ಸಮ ಮಾಡಲು ಮುಂದುಗಡೆ ನಾಲ್ಕು ಚೀಲ ಮರಳು ಹೇರಿಸಿದರು. ದೋಣಿ ಸಮ ಆಯಿತು.

"ಈಗ ನಾ ಎಲ್ಲ್ ಕೂಕಂಬುದು?"

"ಎಂಜಿನ್ನೂ ಮರಳೂ ದೋಣಿಯಲ್ಲಿ ಹೋಗಲಿ ಸಾವ್ಕಾರ್ರೆ, ನೀವು ಬಸ್ಸಲ್ಲಿ ಬನ್ನಿ" ಅಂದೆ.

ತೂತು

ಆ ಎಂಜಿನ್ ವಾಪಸು ಹೋಗಿ ಸಣ್ಣದು ಬಂತು. ಮರದ ಕೆಲಸಕ್ಕೆ ಉಪ್ಪುಂದದ ಆಚಾರ್ರು ಬಂದರು. ದೋಣಿ ಕೆಲಸದಲ್ಲಿ ಎತ್ತಿದ ಕೈ, ಮೂಗಿನ ತುದಿಯಲ್ಲೇ ಸಿಟ್ಟು.

ಎಂಜಿನ್ ಒಳಗಿದ್ದ ಮೇಲೆ ಅದರ ಶಾಫ್ಟ್ ದೋಣಿಯ ಹಿಂಬದಿ ತಳದಿಂದ ಹೊರಗೆ ಹೋಗಿ ನೀರೊಳಗಿನ ಫ್ಯಾನ್ ತಿರುಗಿಸಬೇಕಲ್ಲ. ನಾನು ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, "ಇಲ್ಲೊಂದು ತೂತು ಕೊರೀರಿ" ಅಂದೆ. ಆಚಾರ್ರು ಬೈರಿಗೆ ಕೆಳಗೆ ಎಸೆದರು.

"ನಲ್ವತ್ತ್ ವರ್ಷ ದೋಣಿ ತೂತ್ ಮುಚ್ಕಂಡ್ ಬಂದವ ನಾನ್. ನನ್ ಕೈಯ್ಯಗೇ ತೂತ್ ತೆಗ್ಸ್ತ್ರಾ?"

"ಶಾಫ್ಟ್ ಹೊರಗೆ ಹೋಗಬೇಡ್ವಾ ಆಚಾರ್ರೆ?"

"ಮೇಲಿಂದ ಹೋಯ್ಲಿ. ನಾವೆಲ್ಲ ಮೇಲಿಂದ್ಲೇ ಹತ್ತಿ ಇಳಿತಿಲ್ಯಾ?"

ಎರಡು ದಿನ ಚಾ, ಗೋಳಿಬಜೆ, ಪುಸಲಾವಣೆ. ಮೂರನೇ ದಿನ ದೋಣಿಗೆ ಕೈಮುಗಿದು, ತಪ್ಪಾಯ್ತು ಅಂತ ಹೇಳಿ ಕೊರೆದರು. ಕೊರೆದು ಎದ್ದವರೇ, "ಈ ತೂತಗೆ ಒಂದ್ ಹನಿ ನೀರ್ ಒಳ್ಗ್ ಬಂದ್ರೆ ನಾಳಿಂದ ನಾ ಉಳಿ ಮುಟ್ಟೂದಿಲ್ಲೆ" ಅಂತ ಶಪಥ! ನೋಡಿ, ಈ ದೋಣಿಯಲ್ಲಿ ಕೂರಲು ಜಾಗ ಇಲ್ಲದಿದ್ದರೂ ಶಪಥಕ್ಕೆ ಭರ್ತಿ ಜಾಗ.

ಈಗ ಪೇಚಿಗೆ ಬಿದ್ದದ್ದು ನಾನು. ಶಾಫ್ಟ್ ಹೊರಗೆ ಹೋಗುವಲ್ಲಿ ಗ್ಲ್ಯಾಂಡ್ ಅಂತ ಒಂದು ಬಿಗಿ ಹಾಕುತ್ತೇವೆ. ಅದು ಹನಿಹನಿಯಾಗಿ ಸ್ವಲ್ಪ ಸೋರಲೇಬೇಕು, ಆಗಲೇ ಶಾಫ್ಟ್ ಬಿಸಿಯಾಗದೆ ತಿರುಗುವುದು. ಅದನ್ನೇ ಬಿಡಿಸಿ ಹೇಳಿದೆ. ಆಚಾರ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸೋರು ದೋಣಿ ಮಾಡುಕೆ ಆಚಾರಿ ಎಂತಕೆ? ಅದನ್ನ್ ನೀವೇ ಮಾಡ್ಲಕ್ಕಲೆ!"

ಅಗ್ನಿಮೂಲೆ

ಎಲ್ಲ ಕೂರಿಸಿ ಬೋಲ್ಟ್ ಬಿಗಿಯುವ ದಿನ ಸಾವ್ಕಾರ್ರು ಬ್ರಹ್ಮಾವರದಿಂದ ವಾಸ್ತು ನೋಡುವವರನ್ನು ಕಾರಲ್ಲಿ ಕರೆದುಕೊಂಡು ಬಂದರು. ಅವರು ಕಂಪಾಸ್ ಹಿಡಿದು ದೋಣಿಗೆ ಮೂರು ಸುತ್ತು ಬಂದರು. ಡೀಸೆಲ್ ಅಂದರೆ ಬೆಂಕಿ, ಬೆಂಕಿ ಅಂದರೆ ಆಗ್ನೇಯ, ಎಂಜಿನ್ ಅಲ್ಲೇ ಇರಬೇಕು ಅಂತ ತೀರ್ಮಾನವಾಯಿತು. ಪುಣ್ಯಕ್ಕೆ ದೋಣಿ ಆಗ ನಿಂತ ರೀತಿಗೆ ಎಂಜಿನ್ ಇದ್ದದ್ದೂ ಅಲ್ಲೇ.

ನಾನು ಮೆಲ್ಲಗೆ ಕೇಳಿದೆ, "ಸ್ವಾಮಿ, ದೋಣಿ ನೀರಲ್ಲಿ ತಿರುಗ್ತದಲ್ಲ? ಹೋಗುವಾಗ ಆಗ್ನೇಯ ಆದದ್ದು ಬರುವಾಗ ವಾಯವ್ಯ ಆಗ್ತದೆ."

ಅವರು ಕಂಪಾಸನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಸಾವ್ಕಾರ್ರ ಕಡೆ ತಿರುಗಿ ಅತ್ಯಂತ ಗಂಭೀರವಾಗಿ, "ಬರುವಾಗ ರಿವರ್ಸಲ್ಲಿ ಬನ್ನಿ" ಅಂದರು.

ಮೀನೂಟ

ಹಾಯಿ ಬಿಚ್ಚಿ ಬಿಸಾಡಿ ಅಂತ ಸಾವ್ಕಾರ್ರು ಮೊದಲು ಹೇಳಿದ್ದರು. ಎಂಜಿನ್ ಇರುವಾಗ ಬಟ್ಟೆ ಯಾಕೆ ಅಂತ. ಆಮೇಲೆ ಮನಸ್ಸು ಬದಲಾಗಿ ಹೊಸ ಹಾಯಿ ಹೊಲಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ತಮ್ಮ ಹೋಟೆಲ್ ಹೆಸರು ಬರೆಸಿದರು. ಭಾವನ ಮನೆ ಎದುರು ಬಿಚ್ಚಿ ಫೋಟೊ ತೆಗೆಸಲಿಕ್ಕೆ. "ಅದ್ ಹಾಯಿ ಅಲ್ಲ, ಬೋರ್ಡ್" ಅಂತ ನನಗೆ ತಾಕೀತು ಬೇರೆ ಮಾಡಿದರು.

ಆ ದಿನ ಬಂತು. ದೋಣಿಯಲ್ಲಿ ಸಾವ್ಕಾರ್ರು, ಅವರ ಹೆಂಡತಿ, ನಾನು, ಮತ್ತೆ ಗ್ಲ್ಯಾಂಡಿನ ಎದುರು ಕೈಕಟ್ಟಿ ಕೂತ ಆಚಾರ್ರು. ಆಚೆ ದಡದಲ್ಲಿ, ಹೊಳೆಯ ಸ್ವಲ್ಪ ಮೇಲ್ಗಡೆ, ತಮ್ಮ ಮನೆ ಮೆಟ್ಟಿಲ ಮೇಲೆ ಭಾವ, ಅವರ ಸುತ್ತ ಗೃಹಪ್ರವೇಶದಲ್ಲಿ ನಕ್ಕ ಅಷ್ಟೂ ನೆಂಟರು.

ಸೆಲ್ಫ್ ಒತ್ತಿದೆ. ಎಂಜಿನ್ ಗುಡುಗಿತು, ಆದರೆ ಸಾವ್ಕಾರ್ರು ನಮ್ಮ ದಡದಲ್ಲಿ ಹಚ್ಚಿಸಿದ ಮಾಲೆ ಪಟಾಕಿಯ ಗಲಾಟೆಯಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ. ಹಗ್ಗ ಬಿಚ್ಚಿ ಗೇರ್ ಹಾಕಿದೆ. ಗಕ್! ನಿಂತಿತು. ಮತ್ತೆ ಹಾಕಿದೆ, ಮತ್ತೆ ಗಕ್. ನಾಲ್ಕನೇ ಸಲಕ್ಕೆ ಬ್ಯಾಟರಿಯೂ ಮುಗಿಯಿತು. ಹಲಗೆ ಎತ್ತಿ ನೋಡುತ್ತೇನೆ, ಗ್ಲ್ಯಾಂಡೇ ಕಾಣುವುದಿಲ್ಲ! ಅಲ್ಲೊಂದು ತೆಂಗಿನಕಾಯಿ ಗಾತ್ರದ ಅಂಟಿನ ಗಡ್ಡೆ.

"ಆಚಾರ್ರೆ, ಇದೆಂಥದು?"

"ನಿನ್ನೆ ಹತ್ತಿ ತುರ್ಕಿ, ರಾಳ ಹೊಯ್ದ್, ಮೇಲಿಂದ ಫೈಬರ್ ಅಂಟ್ ಹಾಕಿದೆ. ಕಾಣಿ, ಒಂದ್ ಹನಿ ಬಂದಿತಾ?"

ಹನಿ ಬಂದಿರಲಿಲ್ಲ, ನಿಜ. ಶಾಫ್ಟೂ ಒಂದು ಕೂದಲೆಳೆ ತಿರುಗುತ್ತಿರಲಿಲ್ಲ. ದೋಣಿ ಸೆಳೆತಕ್ಕೆ ಸಿಕ್ಕಿ ನಿಧಾನ ಕೆಳಗೆ ಜಾರತೊಡಗಿತು.

"ಮಾರಾಯ್ರೆ, ಭಾವ ಕಾಣ್ತಿದ್ರ್! ಎಂತಾರೂ ಮಾಡಿ!" ಸಾವ್ಕಾರ್ರ ಮುಖದಲ್ಲಿ ಬೆವರಿಳಿಯುತ್ತಿತ್ತು.

ಅವರ ಹೆಂಡತಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಆ ಬೋರ್ಡ್ ಬಿಚ್ಚಿ! ಚುಕ್ಕಾಣಿ ಇತ್ಲಾಯ್ ಕೊಡಿ!"

ಬೋರ್ಡ್ ಬಿಚ್ಚಿದೆವು. ಮಧ್ಯಾಹ್ನದ ಪಡುಗಾಳಿ ಬಂದು ಹೋಟೆಲ್ ಹೆಸರನ್ನು ಉಬ್ಬಿಸಿತು. ಆಯಮ್ಮ ಹುಟ್ಟಿ ಬೆಳೆದದ್ದೇ ಆಚೆ ದಡದಲ್ಲಿ, ಹೊಳೆಯ ಗಾಳಿ ಗೊತ್ತಿಲ್ಲದೆ ಇರುತ್ತದಾ! ದೋಣಿ ನೀರು ಸೀಳಿಕೊಂಡು ಹೋಗಿ ಸೀದಾ ಭಾವನ ಮನೆಯ ಮೆಟ್ಟಿಲಿಗೆ ತಾಗಿ ನಿಂತಿತು.

ಭಾವ ಬಾಯಿಬಿಟ್ಟು ನೋಡುತ್ತಿದ್ದರು. ಆಮೇಲೆ ಕೆಳಗಿಳಿದು ಬಂದು ಸಾವ್ಕಾರ್ರ ಕೈ ಹಿಡಿದರು. "ನಾ ಸೋತೆ ಭಾವ. ಎಂಜಿನ್ ಅಂದ್ರೆ ಇದ್! ಶಬ್ದ ಇಲ್ಲೆ, ಹೊಗಿ ಇಲ್ಲೆ!"

"ಒಂದ್ ಹನಿ ನೀರೂ ಇಲ್ಲೆ" ಅಂದರು ಆಚಾರ್ರು, ಎದೆಯುಬ್ಬಿಸಿ.

ಸಾವ್ಕಾರ್ರು ನನ್ನ ಮುಖ ನೋಡಿದರು, ನಾನು ಹೊಳೆ ನೋಡಿದೆ. ಅವರ ಹೆಂಡತಿ ಮಾತ್ರ ಏನೂ ಆಗದವರ ಹಾಗೆ ಮೆಟ್ಟಿಲು ಹತ್ತಿ ಸೀದಾ ತೌರಿನ ಅಡುಗೆಮನೆಗೆ ಹೋದರು.

ಊಟಕ್ಕೆ ಕೂತಾಗ ಭಾವ ಒಂದು ದೊಡ್ಡ ಕಾಣೆ ಮೀನನ್ನು ತಾವೇ ನನ್ನ ಎಲೆಗೆ ಹಾಕಿ ಮೆಲ್ಲಗೆ ಹೇಳಿದರು, "ಮೇಸ್ತ್ರಿಗಳೇ, ನನ್ ದೋಣಿಗೂ ಅದೇ ಎಂಜಿನ್ ಕೂರ್ಸಿ, ಆ ಆಚಾರ್ರೇ ಬರ್ಲಿ. ಆರೆ ಆ ಹಾಯಿ ಒಂದ್ ಬ್ಯಾಡ. ಅದ್ ಸುಮ್ನೆ ದಂಡ."