ಷಡಕ್ಷರಿ ಭಾವನ ನೀರು ಶುದ್ಧಿ

"ಇನ್ನು ಮೇಲೆ ನಮ್ಮನೆ ನೀರು ತೀರ್ಥಕ್ಕಿಂತ ಶುದ್ಧ!" ಎಂದು ನಮ್ಮ ಷಡಕ್ಷರಿ ಭಾವ ಯಂತ್ರದ ನೆತ್ತಿ ತಟ್ಟಿದರು. ಯಂತ್ರ ಅಂದರೆ ಅವರೇ ಮಾರ್ಪಡಿಸಿದ ಹಳೇ ವಾಷಿಂಗ್ ಮಷೀನು. ಅದರ ಹೊಟ್ಟೆಗೆ ಎರಡು ನಲ್ಲಿ. ಒಂದರಲ್ಲಿ ಕುಡಿಯುವ ನೀರು, ಇನ್ನೊಂದರಲ್ಲಿ ಹಿಡಿದು ಹೊರಹಾಕಿದ ವಿಷ!

ವಿಷ ಎಲ್ಲಿಂದ ಅಂತೀರಾ? ನಮ್ಮ ಬಡಾವಣೆಯ ಬೆನ್ನಿಗೇ ನಾನ್‌ಸ್ಟಿಕ್ ತವಾ ಕಾರ್ಖಾನೆ. ದೋಸೆ ಅಂಟದಿರಲೆಂದು ತವಾಕ್ಕೆ ಬಳಿಯುವ ರಸಾಯನ ನಮ್ಮ ಬೋರ್‌ವೆಲ್ಲಿಗೂ ಇಳಿದಿತ್ತು. ಕುದಿಸಿದರೂ ಹೋಗದು. ಇದು ಕಿವಿಗೆ ಬಿದ್ದಿದ್ದೇ ತಡ, ಬೀಗಿತ್ತಿ ಗಂಗಾಂಬಿಕಮ್ಮ ಪಟ್ಟು ಹಿಡಿದರು: "ಆ ನೀರು ಕುಡಿಯೋಕೆ ನನ್ನ ಸೊಸೇನ ಕಳಿಸಲ್ಲ!" ಮಗಳ ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ನಮ್ಮಕ್ಕ ಸರ್ವಮಂಗಳ ಉಳಿದಾಳೆಯೇ? ಕೊನೆಗೆ, ಭಾನುವಾರ ಬೀಗಿತ್ತಿಯೇ ಬಂದು ನೀರು ನೋಡಿ ತೀರ್ಮಾನ ಹೇಳುವುದೆಂದಾಯಿತು.

ಭಾನುವಾರ ಬೆಳಿಗ್ಗೆ ನೋಡಿದರೆ, ಎರಡನೇ ನಲ್ಲಿಯ ಕೆಳಗಿದ್ದ ಬಕೆಟ್ ಖಾಲಿ!

"ಲೇ, ಇದರಲ್ಲಿದ್ದ ನೀರೆಲ್ಲಿ?" ಭಾವ ಅಕ್ಕನನ್ನು ಕೇಳಿದರು.

"ವೇಸ್ಟ್ ನೀರು ತಾನೇ ರೀ? ಸುಮ್ಮನೆ ಚೆಲ್ಲೋಕಾಗುತ್ತಾ? ಬೀಗರು ಬರ್ತಾರೆ ಅಂತ ನೆಲ ಒರೆಸಿದೆ!"

"ಅಯ್ಯೋ, ಸಾವಿರ ತವಾಕ್ಕೆ ಬಳಿಯುವಷ್ಟು ರಸಾಯನ ಇತ್ತು ಕಣೇ ಅದರಲ್ಲಿ!"

ಅಷ್ಟರಲ್ಲಿ ಬಾಗಿಲಲ್ಲಿ ಬೀಗಿತ್ತಿ. ನಾನು "ನಿಲ್ಲಿ!" ಅನ್ನುವುದಕ್ಕೂ ಅವರು ಬಲಗಾಲಿಡುವುದಕ್ಕೂ ಸರಿಹೋಯಿತು. ನಡುಮನೆ, ಅಡುಗೆಮನೆ ದಾಟಿ ಸುಂಯ್ಯನೆ ಹಿತ್ತಿಲ ಬಾಗಿಲಿಗೆ ಬಡಿದು, ಅಷ್ಟೇ ವೇಗದಲ್ಲಿ ವಾಪಸು ಬಂದರು! ಹಿಡಿಯಲು ಹೋದ ಅಕ್ಕನೂ ಜೊತೆಗೂಡಿದಳು.

"ಬನ್ನಿ ಬನ್ನಿ, ಪ್ರಯಾಣ ಆರಾಮಾಯ್ತಾ?" ಕಿಟಕಿ ಸರಳಿಗೆ ಜೋತುಬಿದ್ದ ಭಾವ ವಿಚಾರಿಸಿದರು.

"ಇನ್ನೂ ಮುಗಿದಿಲ್ಲ!" ಎನ್ನುತ್ತಾ ಬೀಗಿತ್ತಿ ಹಾದುಹೋದರು.

ನಾಲ್ಕನೇ ಸುತ್ತಿಗೆ ಅವರನ್ನು ಮಣೆಯ ಮೇಲೆ ಕೂರಿಸಿ, ಮಣೆಯನ್ನು ಕಂಬಕ್ಕೆ ಕಟ್ಟಿದೆವು. ಅಕ್ಕ ಅಳುತ್ತಲೇ ಜಾರಿ ಬಂದು ಮೊದಲ ನಲ್ಲಿಯ ಒಂದು ಲೋಟ ನೀರು ಕೈಗಿತ್ತಳು.

"ಈ ಜಾರಿಕೆಯೆಲ್ಲ ಈ ನೀರಲ್ಲೇ ಇತ್ತಾ?" ಬೀಗಿತ್ತಿ ಕಣ್ಣರಳಿಸಿದರು.

"ಒಂದು ವಾರದ ನೀರಲ್ಲಿ," ಎಂದರು ಭಾವ. "ಈಗ ಅಷ್ಟೂ ನಿಮ್ಮ ಸೀರೇಲಿದೆ!"

ಬೀಗಿತ್ತಿ ಲೋಟ ಖಾಲಿ ಮಾಡಿದರು. ಎದ್ದು ತೀರ್ಮಾನ ಹೇಳುತ್ತೇನೆಂದರು. ಹಗ್ಗ ಬಿಚ್ಚಿದ್ದೇ ಮಣೆ ಹೊರಟೇಬಿಟ್ಟಿತು! ಹೊಸ್ತಿಲು ಹಾರಿ, ಇಳಿಜಾರು ರಸ್ತೆ ಹಿಡಿದು, ಸಿಟಿ ಬಸ್ಸನ್ನು ಹಿಂದೆ ಹಾಕಿ, ಆರು ಕಿಲೋಮೀಟರ್ ದೂರದ ಅವರ ಮನೆ ಗೇಟಿಗೇ ಹೋಗಿ ನಿಂತಿತಂತೆ.

ಅಕ್ಕ ಫೋನಿನ ಮುಂದೆ ಕೂತಳು. ಹತ್ತು ನಿಮಿಷಕ್ಕೆ ರಿಂಗಾಯಿತು.

"ನೀರು ಚೆನ್ನಾಗಿದೆ ಬೀಗರೇ. ಆ ಟೈಲ್ಸ್ ಕಿತ್ತು ಬೇರೆ ಹಾಕಿಸಿ, ಮಗಳನ್ನ ಕರ್ಕೊಂಡು ಹೋಗಿ," ಎಂದರು ಬೀಗಿತ್ತಿ. "ನೆಲ ಒರೆಸೋಕೆ ಮಾತ್ರ ನಿಮ್ಮನ್ನ ನಂಬಲ್ಲ; ಮರ್ಯಾದೆ ಹೋದರೂ ಹೋಗಲಿ, ದಿನಾ ನಾನೇ ಬರ್ತೀನಿ."