ಸೊರಗಿದವನ ಸಮಜಾಯಿಷಿ

ನಮ್ಮ ಸೀಮೆಯಲ್ಲಿ ದಪ್ಪಗಾಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಣ್ಣಗಾಗುವುದಕ್ಕೆ ಮಾತ್ರ ಊರಿಗೆಲ್ಲ ಕಾರಣ ಹೇಳಬೇಕು. ಒಬ್ಬ ಮನುಷ್ಯ ವರ್ಷಗಟ್ಟಲೆ ಶ್ರದ್ಧೆಯಿಂದ ಉಂಡು ಬಾಗಿಲು ತುಂಬುವ ಹಾಗೆ ಬೆಳೆದರೆ 'ಅನುಕೂಲವಾಗಿದ್ದಾನೆ' ಎಂದು ಜನ ಸುಮ್ಮನಾಗುತ್ತಾರೆ. ಅದೇ ಮನುಷ್ಯ ಒಂದು ಸುತ್ತು ಇಳಿದನೋ, ಕಾಯಿಲೆಯೋ, ಕೋರ್ಟು ಕಚೇರಿಯೋ, ಹೆಂಡತಿಯ ಕಾಟವೋ, ಮೂರರಲ್ಲಿ ಒಂದನ್ನು ಒಪ್ಪಿಕೊಳ್ಳುವ ತನಕ ಬಿಡುವುದಿಲ್ಲ. ನಾನು ಈ ಮೂರೂ ಕಾರಣವಿಲ್ಲದೆ, ಇಷ್ಟಪಟ್ಟು, ನಿಧಾನವಾಗಿ ಅರ್ಧ ಮೂಟೆ ಅಕ್ಕಿಯಷ್ಟು ಇಳಿದವನು. ಇದನ್ನು ಈ ತನಕ ಯಾರೂ ನಂಬಿಲ್ಲ. ಎಷ್ಟೋ ದಿನ ಕೇಳಿ ಕೇಳಿ ನನಗೂ ಅನುಮಾನ ಬಂದಿದೆ.

ನಾನು ಮೊದಲು ಎಷ್ಟು ದಪ್ಪಗಿದ್ದೆ ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ, ನನ್ನ ನೆನಪನ್ನೇ ನಂಬದ ಸ್ಥಿತಿಗೆ ಬಂದಿದ್ದೇನೆ. ದಿನಚರಿ ಬರೆಯುವ ಅಭ್ಯಾಸವಿದೆ, ಅದನ್ನಾದರೂ ನೋಡೋಣವೆಂದು ತೆಗೆದರೆ ಆ ಕಾಲದ ಪುಟಗಳಲ್ಲಿ ನಾನು ದಪ್ಪಗಿದ್ದೆ ಎಂಬ ಒಂದು ಸಾಲೂ ಇಲ್ಲ. ಇರುವುದೆಲ್ಲ ಲೋಕದ ತಪ್ಪುಗಳು. ಸ್ಟಾಫ್ ರೂಮಿನ ಕುರ್ಚಿಗೆ ಗಟ್ಟಿ ಮರ ಬಳಸಿಲ್ಲ. ಟೈಲರ್ ಬಟ್ಟೆ ಕದಿಯುತ್ತಾನೆ. ಸರ್ಕಾರ ಬಸ್ಸಿನ ಸೀಟುಗಳನ್ನು ಬರಬರುತ್ತಾ ಕಿರಿದು ಮಾಡುತ್ತಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನಾ ಓಡಾಡುವ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾನು ಕೂತರೆ ಎರಡನೆಯವರು ಹೇಗೋ ಕೂರುತ್ತಿದ್ದರು. ಮೂರನೆಯವರು ಬಂದು ನೋಡಿ, ನಿಟ್ಟುಸಿರು ಬಿಟ್ಟು, ಕಂಬಿ ಹಿಡಿದು ನಿಲ್ಲುತ್ತಿದ್ದರು. ಅವರಿಗೆ ನಿಲ್ಲುವುದೇ ಇಷ್ಟವೆಂದು ನಾನು ಪ್ರಾಮಾಣಿಕವಾಗಿ ತಿಳಿದಿದ್ದೆ.

ಮಂಡಿ ನೋವೆಂದು ಡಾಕ್ಟರ ಬಳಿ ಹೋದ ದಿನ ಈ ಭ್ರಮೆ ಹರಿಯಿತು. ಅವರು ಮಂಡಿಯನ್ನು ಮುಟ್ಟಲೇ ಇಲ್ಲ. ರಕ್ತದ ರಿಪೋರ್ಟು ನೋಡಿ, ಹೀಗೇ ಹೋದರೆ ಮಗಳ ಮದುವೆ ನೋಡುವುದು ಕಷ್ಟ ಎಂದರು. ಮಗಳು ಇನ್ನೂ ಏಳನೇ ಕ್ಲಾಸು. ನಾನು ಹೆದರಿ, ನಾಳೆಯಿಂದಲೇ ಉಪವಾಸ ಎಂದೆ. ಬೇಡ, ಉಪವಾಸ ಮಾಡುವವರನ್ನೆಲ್ಲ ನೋಡಿದ್ದೇನೆ, ಸೋಮವಾರ ಶುರುವಾದರೆ ಗುರುವಾರ ಹೋಟೆಲಿನಲ್ಲಿ ಸಿಗುತ್ತಾರೆ; ಒಂದೊಂದನ್ನೇ ಬಿಡಿ, ಬಿಟ್ಟದ್ದು ಮರೆತ ಮೇಲೆ ಇನ್ನೊಂದನ್ನು ಬಿಡಿ ಎಂದರು.

ಹಾಗೆ ಶುರುವಾಯಿತು. ಮೊದಲು ಟೀಗೆ ಸಕ್ಕರೆ ಬಿಟ್ಟೆ. ಸಕ್ಕರೆಯಿಲ್ಲದ ಟೀ ಎಂದರೆ ಎಳ್ಳುನೀರು ಬಿಟ್ಟ ಸಂಬಂಧದ ಹಾಗೆ, ಬಿಸಿಯೊಂದಿರುತ್ತದೆ. ಆಮೇಲೆ ಕಾಲೇಜಿನೆದುರು ಮಲಯಾಳಿಯವರ ಹೋಟೆಲಿನ ಬಾಳೆಹಣ್ಣಿನ ಬೋಂಡ. ನೇಂದ್ರ ಬಾಳೆಯನ್ನು ಉದ್ದಕ್ಕೆ ಸೀಳಿ, ಹಿಟ್ಟಿನಲ್ಲಿ ಅದ್ದಿ, ಎಣ್ಣೆಗೆ ಬಿಟ್ಟರೆ ಬರುವ ವಾಸನೆಗೆ ನಾನು ಪಾಠವನ್ನು ಯುದ್ಧದ ಮಧ್ಯದಲ್ಲಿಯೇ ನಿಲ್ಲಿಸಿ ಹೋದದ್ದುಂಟು. ಅದನ್ನು ಬಿಡಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಬಳಿಕ ಬಸ್ ಸ್ಟ್ಯಾಂಡಿಗೆ ಎರಡು ಸ್ಟಾಪು ಮೊದಲೇ ಇಳಿದು ನಡೆಯಲು ಕಲಿತೆ. ಕತ್ತಲಾಗುವ ಮೊದಲೇ ಉಣ್ಣಲು ಕಲಿತೆ. ಮುದ್ದೆಯ ವಿಷಯವನ್ನು ನನ್ನ ಹೆಂಡತಿ ಗಿರಿಜ ನೋಡಿಕೊಂಡಳು. ತೆಂಗಿನಕಾಯಿಯಷ್ಟಿದ್ದ ಮುದ್ದೆಯನ್ನು ನನಗೆ ಗೊತ್ತಾಗದ ಹಾಗೆ ವಾರ ವಾರ ಸವೆಸುತ್ತಾ, ತಟ್ಟೆಯನ್ನೂ ಜೊತೆಜೊತೆಗೆ ಚಿಕ್ಕದು ಮಾಡುತ್ತಾ ಕಿತ್ತಳೆ ಹಣ್ಣಿಗೆ ತಂದು ನಿಲ್ಲಿಸಿದಳು.

ಎರಡು ವರ್ಷಕ್ಕೂ ಮಿಕ್ಕಿ ಇದು ನಡೆಯಿತು. ಇಷ್ಟು ನಿಧಾನವಾಗಿ ಇಳಿದರೆ ಆಗುವ ಅನ್ಯಾಯವೇನೆಂದರೆ ದಿನಾ ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಒಂದು ಮಾತು ಹೇಳಿಯಾರೆಂದು ಬೇಕೆಂದೇ ಕಿಟಕಿಯ ಬೆಳಕಿಗೆ ಅಡ್ಡಡ್ಡ ನಿಂತೆ. ಬೆಳಕು ಬಿಡಿ ಸಾರ್ ಎಂದರು. ಕೊರಳಿನ ಶಿವದಾರ ಮೊದಲು ಎದೆಯ ಮೇಲೆ ಬಿಗಿಯಾಗಿ ಕೂರುತ್ತಿತ್ತು, ಈಗ ಅದರ ಲಿಂಗದ ಕರಡಿಗೆ ಹೊಕ್ಕುಳ ಹತ್ತಿರ ತೂಗಾಡುತ್ತಿತ್ತು. ದಾರವನ್ನು ಗಂಟು ಹಾಕಿ ಗಿಡ್ಡ ಮಾಡಿಕೊಂಡ ದಿನ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಆದರೆ ಸಂತೇಮರಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದೆವಲ್ಲ, ಅಲ್ಲಿ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಬಹಳ ದಿನದ ಮೇಲೆ ನನ್ನನ್ನು ಕಂಡ ಬಂಧುಬಳಗ ಊಟದ ಪಂಕ್ತಿಯಲ್ಲಿ ಸಾವಿನ ಮನೆಯ ದನಿಯಲ್ಲಿ ಮಾತಾಡತೊಡಗಿತು. ನಮ್ಮಲ್ಲಿ ಪಂಕ್ತಿಯ ಉಪಚಾರ ಎಂದರೆ ಬಕೆಟ್ಟು ಹಿಡಿದವನಿಗೂ ಉಣ್ಣುವವನಿಗೂ ನಡೆಯುವ ಕುಸ್ತಿ. ಬೇಡವೆನ್ನುವುದು ಮರ್ಯಾದೆ, ಬೇಡವೆಂದರೂ ಬಡಿಸುವುದು ಪ್ರೀತಿ. ನಾನು ಎರಡನೇ ಒಬ್ಬಟ್ಟಿಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಅದೂ ಸಾಲದೆ ಎಲೆ ಮಡಿಸಿಬಿಟ್ಟೆ. ಸಾಲಿಗೆ ಸಾಲೇ ತಿರುಗಿ ನೋಡಿತು. ಚಿಕ್ಕಪ್ಪನೊಬ್ಬ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟು, "ಶುಗರ್ರಾ? ಇಲ್ಲ ಅದಕ್ಕಿಂತ ದೊಡ್ದಾ? ನಮ್ಮತ್ರ ಮುಚ್ಚಿಡ್ಬ್ಯಾಡ ಕಣಪ್ಪ" ಎಂದ. ಏನೂ ಇಲ್ಲ, ವಾಕಿಂಗ್ ಮಾಡುತ್ತೇನೆ ಎಂದೆ. ಅವನು ಪಕ್ಕದವರ ಕಡೆ ತಿರುಗಿ, ಪಾಪ, ಅವನಿಗಿನ್ನೂ ಹೇಳಿಲ್ಲ ಎಂಬಂತೆ ತಲೆಯಾಡಿಸಿದ.

ಹೆಂಗಸರ ಪಂಕ್ತಿಯಲ್ಲಿ ವಿಚಾರಣೆ ಬೇರೆ ರೀತಿ ನಡೆದಿತ್ತು. ಗಂಡನಿಗೆ ಹೊಟ್ಟೆಗೆ ಹಾಕುತ್ತೀಯೋ ಇಲ್ಲವೋ ಎಂದು ಗಿರಿಜಳನ್ನು ಒಬ್ಬರಲ್ಲ, ಐದಾರು ಜನ ಕೇಳಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಿಂದಾಚೆ ನೋಡುತ್ತಾ, "ಹೊಟ್ಟೆ ಕರಗಿದ್ದು ನಿಮಗೆ, ಕೆಟ್ಟ ಹೆಸರು ನನಗೆ" ಎಂದಳು. ಮೂರನೆಯವರು ನಮ್ಮ ಸೀಟಿನಲ್ಲಿ ಆರಾಮವಾಗಿ ಕೂತಿದ್ದರು. ಅದನ್ನು ತೋರಿಸಿ ಅವಳನ್ನು ನಗಿಸಬೇಕೆಂದಿದ್ದೆ, ಧೈರ್ಯ ಬರಲಿಲ್ಲ.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಲವು ವಾರದ ಮೇಲೆ ನಮ್ಮ ಹಳ್ಳಿ ಉಡಿಗಾಲದಿಂದ ಅತ್ತಿಗೆಯ ಫೋನು ಬಂತು. ಅವ್ವ, ಅಣ್ಣ ಅತ್ತಿಗೆಯ ಜೊತೆ ಅಲ್ಲೇ ಇರುವುದು. ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಎತ್ತುವಾಗ ಅವ್ವ ತಲೆ ಸುತ್ತಿ ಕೂತುಬಿಟ್ಟಳಂತೆ. ಕೇಳಿದರೆ ಏನೂ ಇಲ್ಲ ಎನ್ನುತ್ತಾಳಂತೆ. ಆಮೇಲೆ ಅತ್ತಿಗೆ ದನಿ ತಗ್ಗಿಸಿ ವಿಷಯ ಹೇಳಿದಳು. ಗೃಹಪ್ರವೇಶದಲ್ಲಿ ನೆಂಟರ ಮಾತು ಕೇಳಿ ಬಂದ ರಾತ್ರಿಯಿಂದಲೇ ಅವ್ವ ರಾತ್ರಿ ಊಟ ಬಿಟ್ಟಿದ್ದಾಳೆ. ಮಗ ಮೊದಲಿನ ಹಾಗೆ ಮೈ ತುಂಬಿಕೊಳ್ಳುವ ತನಕ ರಾತ್ರಿ ಅನ್ನ ಮುಟ್ಟುವುದಿಲ್ಲವೆಂದು ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತಿದ್ದಾಳೆ.

ಅವ್ವನ ಮೈಯಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ಗಾಳಿ ಬೀಸಿದರೆ ಸೀರೆಯೇ ಅವಳನ್ನು ಎಳೆದುಕೊಂಡು ಹೋದೀತು. ನಾನು ಮಾರನೆಯ ದಿನವೇ ರಿಪೋರ್ಟುಗಳನ್ನು ಹಿಡಿದು ಹೋದೆ. ಅಣ್ಣ ಒಂದೊಂದಾಗಿ ನಾರ್ಮಲ್, ನಾರ್ಮಲ್ ಎಂದು ಓದಿದ. ಅವ್ವ ಪೂರ್ತಿ ಕೇಳಿ, ಆಸ್ಪತ್ರೆಯವರು ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಇನ್ನೇನು ಬರೆಯುತ್ತಾರೆ ಎಂದಳು. ನಾನು ಬೇಡಿಕೊಂಡೆ, ಬೈದೆ, ಉಣ್ಣದಿದ್ದರೆ ನಾನೂ ಉಣ್ಣುವುದಿಲ್ಲ ಎಂದು ಹೆದರಿಸಿದೆ. ಆ ಬೆದರಿಕೆ ಎಷ್ಟು ದಡ್ಡತನದ್ದೆಂದು ಅವಳ ಮುಖ ನೋಡಿದ ಮೇಲೆ ಹೊಳೆಯಿತು.

ಇನ್ನುಳಿದ ದಾರಿ ಒಂದೇ, ಮತ್ತೆ ದಪ್ಪಗಾಗುವುದು. ಅದರಲ್ಲಿ ನನಗೆ ಅನುಭವವಿತ್ತು. ಮಂಡಿ, ರಕ್ತ, ಮಗಳ ಮದುವೆ, ಎಲ್ಲವೂ ಅವ್ವನ ಒಂದು ಹೊತ್ತಿನ ಊಟದ ಮುಂದೆ ಆಮೇಲಿನ ಮಾತು ಎಂದುಕೊಂಡೆ. ನೇರವಾಗಿ ಮಲಯಾಳಿಯವರ ಹೋಟೆಲಿಗೆ ಹೋಗಿ, ಎಷ್ಟೋ ತಿಂಗಳಿಂದ ಕನಸಿನಲ್ಲಿ ಮಾತ್ರ ಕಂಡಿದ್ದ ಬೋಂಡ ಎರಡು ಹೇಳಿದೆ. ಒಂದೂವರೆ ಬೋಂಡಕ್ಕೇ ಹೊಟ್ಟೆ ಕಲ್ಲಾಯಿತು. ಮಧ್ಯಾಹ್ನದ ಪಾಠವನ್ನು ಮೇಜು ಹಿಡಿದು ನಿಂತು ಮುಗಿಸಿದೆ. ರಾತ್ರಿ ಗಿರಿಜ ಹಳೆಯ ಗಾತ್ರದ ಮುದ್ದೆ ತಿರುವಿಟ್ಟಳು. ಅರ್ಧಕ್ಕೆ ಬೆವರು ಬಂತು, ಮುಕ್ಕಾಲಿಗೆ ಕಣ್ಣೀರು ಬಂತು. ಒಂದು ಕಾಲದಲ್ಲಿ ಹೀಗೆ ಎರಡು ಉಂಡು ಎದ್ದು ಹೋಗುತ್ತಿದ್ದೆ ಎಂಬ ನೆನಪು ನಿಜವೋ, ನಾನು ಕಟ್ಟಿಕೊಂಡದ್ದೋ ತಿಳಿಯದೆ ತಟ್ಟೆಯನ್ನೇ ನೋಡುತ್ತಾ ಕೂತೆ. ಎಷ್ಟೋ ದಿನ ಹೀಗೆ ಸೆಣಸಾಡಿದರೂ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಮೊದಲು ಇಳಿಯಲು ಒಲ್ಲದ ಶರೀರ ಈಗ ಏರಲು ಒಲ್ಲದು. ನನ್ನ ಮಾತು ಅದು ಯಾವತ್ತು ಕೇಳಿದೆ?

ಅಷ್ಟರಲ್ಲಿ ಬೇಸಿಗೆ ಬಂತು. ಅವ್ವ ಎರಡನೇ ಸಲ ತಲೆ ಸುತ್ತಿ ಕೂತಳೆಂದು ತಿಳಿದಾಗ, ನಾನೂ ಗಿರಿಜಳೂ ಸೇರಿ ಒಂದು ಉಪಾಯ ಮಾಡಿದೆವು. ಹಳೆಯ ಅಂಗಿಗಳಲ್ಲಿ ಒಂದು ಬೀರುವಿನಲ್ಲಿ ಉಳಿದಿತ್ತು. ಅದರೊಳಗೆ ಮೂರು ಬನಿಯನ್ನು, ಬನಿಯನ್ನಿಗೂ ಅಂಗಿಗೂ ನಡುವೆ ಊಟಿಗೆ ಹೋದಾಗ ಕೊಂಡ ದಪ್ಪ ಸ್ವೆಟರು. ಗಿರಿಜ ಸುತ್ತ ತಿರುಗಿ ನೋಡಿ, ಮದುವೆಯಾದ ಹೊಸದರಲ್ಲಿ ಹೀಗೇ ಇದ್ದಿರಿ ಎಂದಳು. ಮದುವೆಯ ಫೋಟೋದಲ್ಲಿ ನಾನು ಕಡ್ಡಿಯ ಹಾಗಿದ್ದೇನೆ. ಆದರೆ ಅದು ವಾದ ಮಾಡುವ ಹೊತ್ತಾಗಿರಲಿಲ್ಲ.

ಭಾನುವಾರ ಸಂಜೆ ಉಡಿಗಾಲದಲ್ಲಿ ಇಳಿದೆ. ಜಗಲಿಗಳ ಮೇಲೆ ಕೂತಿದ್ದವರೆಲ್ಲ ಮೆಚ್ಚುಗೆಯಿಂದ ನೋಡಿದರು. ಈಗ ಪರವಾಗಿಲ್ಲ, ಅವ್ವನ ಹರಕೆ ಸುಳ್ಳಾಗಲಿಲ್ಲ ಎಂದು ಒಬ್ಬರು ಹೇಳಿದ್ದು ಕೇಳಿಸಿತು. ಇಳಿದಾಗ ಸಿಗದ ಹೊಗಳಿಕೆ ಮೂರು ಬನಿಯನ್ನಿಗೆ ಸಿಕ್ಕಿತು. ಅವ್ವನೂ ದೂರದಿಂದ ನೋಡಿ ಮುಖ ಅರಳಿಸಿದಳು. ಊಟಕ್ಕೆ ಕೂತೆವು. ಅತ್ತಿಗೆ ಅವ್ವನಿಗೂ ತಟ್ಟೆ ಇಟ್ಟಳು. ಇನ್ನೇನು ಗೆದ್ದೆ ಎನ್ನುವಾಗ ಕರೆಂಟು ಹೋಯಿತು. ಫ್ಯಾನು ನಿಂತಿತು. ಮೇಣದ ಬತ್ತಿಯ ಬೆಳಕಿನಲ್ಲಿ ನನ್ನ ಹಣೆ, ಕತ್ತು, ಕಿವಿಯ ಹಿಂದಿನಿಂದ ನೀರು ಹರಿಯತೊಡಗಿತು. ಅವ್ವ ಸೆರಗಿನಿಂದ ಒರೆಸಲು ಕತ್ತಿನ ಹಿಂದೆ ಕೈ ಹಾಕಿದವಳು ಅಲ್ಲೇ ನಿಲ್ಲಿಸಿದಳು. ಉಣ್ಣೆ ಸಿಕ್ಕಿತ್ತು. ಅತ್ತಿಗೆ ಗೋಡೆಯ ಕಡೆ ತಿರುಗಿ ನಗತೊಡಗಿದಳು. ಅವ್ವ ನಗಲಿಲ್ಲ.

"ನಿಮ್ಮಪ್ಪಾರೂ ಇಂಗೇ ಇಳುದ್ರು" ಎಂದಳು. "ಹೊಟ್ಟೆ ಕರಗೋಯ್ತು, ಹುಡ್ಗುನಂಗೆ ಆಗ್ಬುಟ್ರಿ ಅಂತ ನಾನೇ ಆಡ್ಕಂಡು ನಗ್ತಿದ್ದೆ. ಆ ಬ್ಯಾಸ್ಗೆ ಕಳೀನಿಲ್ಲ, ಓಗ್ಬುಟ್ರು. ಅದ್ಕೇ ಈ ಸರ್ತಿ ನಗ್ನಿಲ್ಲ ಕಣ ಕೂಸು."

ನನಗೆ ನೆನಪಿರುವ ಅಪ್ಪ ಕೊನೆಯ ತನಕ ದಪ್ಪಗಿದ್ದ ಅಪ್ಪ. ಚಟ್ಟ ಹೊತ್ತವರು ಮತ್ತೆ ಮತ್ತೆ ಹೆಗಲು ಬದಲಿಸಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಹಾಗೆಂದೆ. ಹೂವಿನ ಹಾಗಿದ್ದರು, ಹೊತ್ತವರು ಹೆಗಲು ಬದಲಿಸಿದ್ದು ಅಳು ತಡೆಯಲಾರದೆ, ಭಾರಕ್ಕಲ್ಲ ಎಂದಳು ಅವ್ವ. ನಾನು ಅಂಗಿ ತೆಗೆದೆ, ಸ್ವೆಟರು ತೆಗೆದೆ, ಬನಿಯನ್ನುಗಳನ್ನು ಒಂದೊಂದಾಗಿ ತೆಗೆದೆ. ಅವ್ವ ಮೇಣದ ಬತ್ತಿ ಹತ್ತಿರ ತಂದು, ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಹೆಗಲು ಒತ್ತಿದಳು, ಪಕ್ಕೆ ಮುಟ್ಟಿದಳು.

"ನೋವದಾ?"

"ಇಲ್ಲ."

"ನಿದ್ದೆ ಬತ್ತದಾ?"

"ಬತ್ತದೆ."

"ಇಷ್ಟಪಟ್ಟೇ ಇಳ್ದಿಯಾ? ನನ್ಮೇಲಾಣೆ?"

"ನಿನ್ನಾಣೆ."

"ಯಾಕ್ಲಾ?"

ಎರಡು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಏನಾಯಿತು ಎಂದು ಕೇಳಿದ್ದರೇ ಹೊರತು ಯಾಕೆ ಎಂದಲ್ಲ. "ಇನ್ನೂ ಸ್ವಲ್ಪ ದಿನ ಇರಾನ ಅಂತ ಕಣವ್ವ" ಎಂದೆ.

ಅವ್ವ ಬತ್ತಿಯನ್ನು ಕೆಳಗಿಟ್ಟಳು. ಅತ್ತಿಗೆಯ ಕಡೆ ತಿರುಗಿ, ನನಗೂ ಒಂದು ಮುದ್ದೆ ಇಡು ಎಂದಳು. ಅವಳು ಸಾರಿನಲ್ಲಿ ಅದ್ದಿ ನುಂಗಿದ ಮೊದಲ ತುತ್ತನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಹರಕೆಯ ಗತಿಯೇನು ಎಂದು ಅಣ್ಣ ಕೇಳಿದ. ಮಾದಪ್ಪನಿಗೆ ತಾನೇ ಹೇಳಿಕೊಳ್ಳುವುದಾಗಿಯೂ, ಅವನೂ ಕಾಡಿನಲ್ಲಿ ಅಲೆದು ಸೊರಗಿದವನೇ, ಅರ್ಥ ಮಾಡಿಕೊಳ್ಳುತ್ತಾನೆಂದೂ ಅವ್ವ ಉಣ್ಣುತ್ತಲೇ ಹೇಳಿದಳು. ಆದರೆ ಬೀದಿಯವರು ದೇವರಷ್ಟು ಒಳ್ಳೆಯವರಲ್ಲ. ಹರಕೆ ಫಲಿಸಿತೆಂದು ಇಷ್ಟು ಹೊತ್ತಿಗೆ ಊರೆಲ್ಲ ಹೇಳಿಯಾಗಿದೆ. ನಾಳೆ ಈ ಪಕ್ಕೆಲುಬು ನೋಡಿದರೆ ಮತ್ತೆ ತಪ್ಪನ್ನು ಗಿರಿಜಳ ಮೇಲೆ ಹಾಕುತ್ತಾರೆ. ಆದ್ದರಿಂದ ಉಡಿಗಾಲಕ್ಕೆ ಬರುವಾಗಲೆಲ್ಲ ಸ್ವೆಟರು ಹಾಕಿಕೊಂಡೇ ಬರತಕ್ಕದ್ದು ಎಂದು ಅವ್ವನೇ ಅಪ್ಪಣೆ ಮಾಡಿದಳು.

ಈಗ ಅವ್ವ ರಾತ್ರಿ ಉಣ್ಣುತ್ತಾಳೆ, ಬಿಂದಿಗೆಯನ್ನೂ ಎತ್ತುತ್ತಾಳಂತೆ. ನಾನು ಪ್ರತಿ ಭಾನುವಾರ ಈ ಸುಡುಬಿಸಿಲಿನಲ್ಲಿ ಉಣ್ಣೆ ತೊಟ್ಟು, ಜಗಲಿಗಳ ಮೆಚ್ಚುಗೆಯ ನಡುವೆ ನೀರಾಗಿ ಹರಿಯುತ್ತಾ ನಡೆಯುತ್ತೇನೆ. ಇಷ್ಟು ಬೆವರಿದ್ದರಿಂದಲೋ ಏನೋ, ಮೊನ್ನೆ ತಕ್ಕಡಿ ಹತ್ತಿದರೆ ಮುಳ್ಳು ಇನ್ನೂ ಹಿಂದಕ್ಕೆ ಸರಿದಿತ್ತು. ಗಿರಿಜ ಇನ್ನೊಂದು ಸ್ವೆಟರು ಹುಡುಕುತ್ತಿದ್ದಾಳೆ.