ವಾಲ್ವ್ ಸೆಟ್ಟಿಗೆ ತೀರ್ಥ

ಹಾಡು ಕೇಳೋಕೆ ಊರವರೆಲ್ಲ ಫೋನ್ ಇಟ್ಟುಕೊಂಡಿದ್ದಾರೆ. ನಮ್ಮನೆಯಲ್ಲಿ ಅದಕ್ಕೇ ಅಂತ ಅರ್ಧ ಮನೆ ಕೊಟ್ಟಿದ್ದೀವಿ. ಇಂಥ ಮನೆಯಲ್ಲಿ ಒಂದಲ್ಲ ಒಂದು ಪ್ರಸಂಗ ನಡೀತಾನೇ ಇರುತ್ತೆ. ಒಂದು ವಾರ ಏನೂ ನಡೀದೇ ಹೋದರೆ ಯಾರಿಗೋ ಮೈ ಹುಷಾರಿಲ್ಲ ಅಂತಲೇ ಲೆಕ್ಕ.

ಈಗ ನಗ್ತಾ ಹೇಳ್ತಿದ್ದೀನಿ. ಆದರೆ ಈ ಹಾಳು ಪೆಟ್ಟಿಗೆಯಿಂದ ನಮ್ಮ ನಾದಿನಿಗೆ ಕೂಡಿಬಂದ ಸಂಬಂಧ ಮುರಿದುಬೀಳೋದರಲ್ಲಿತ್ತು. ಆಗ ನನಗೆ ನಗು ಬಂದಿರಲಿಲ್ಲ.

ಮಗ್ಗದ ಬೀದಿ

ನಾವಿರೋದು ದೊಡ್ಡಬಳ್ಳಾಪುರದಲ್ಲಿ, ಎರಡೂ ಕಡೆ ಪವರ್‌ಲೂಮ್ ಮಗ್ಗಗಳಿರೋ ಬೀದಿ. ನಮ್ಮನೆಯವರು ನೆಲಮಂಗಲದ ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ತಾರೆ. ನಾನು ಮನೆಯಲ್ಲೇ ಸೀರೆಗೆ ಕುಚ್ಚು ಹಾಕ್ತೀನಿ. ಅತ್ತೆ, ನಾದಿನಿ ಜೊತೆಗಿದ್ದಾರೆ. ಇಷ್ಟೇ ನಮ್ಮ ಸಂಸಾರ, ಆ ಸೆಟ್ಟು ಬರೋವರೆಗೆ.

ಒಂದು ಭಾನುವಾರ ಆಟೋದಲ್ಲಿ ಬಂದಿಳಿಯಿತು. ಮುಚ್ಚಳ ಇಲ್ಲದ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಬಲ್ಬಿನ ಥರದ ಗಾಜಿನ ವಾಲ್ವುಗಳು. ಸ್ವಿಚ್ ಹಾಕಿದರೆ ಒಳಗೆ ಕೆಂಡ ಹೊತ್ತಿಕೊಂಡ ಹಾಗೆ ಕೆಂಪಗಾಗುತ್ತೆ. ಚೆನ್ನಾಗಿ ಕಾಯೋವರೆಗೂ ಬಾಯಿ ಬಿಡಲ್ಲ.

"ಟ್ರಾನ್ಸಿಸ್ಟರ್ ಬರೋಕೆ ಮುಂಚಿನ ಕಾಲದ ಆಂಪ್ಲಿಫೈಯರು. ಇದರ ಸದ್ದೇ ಬೇರೆ. ಮುಟ್ಟಬೇಡ, ಸುಡುತ್ತೆ" ಅಂದರು ನಮ್ಮನೆಯವರು.

"ಹಾಗಾದ್ರೆ ಮೇಲೆ ಹಪ್ಪಳ ಸುಟ್ಕೋಬಹುದು" ಅಂದೆ. ರಾತ್ರಿ ಊಟದವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಆವತ್ತಿಂದ ಕಾನೂನು ಶುರುವಾಯ್ತು. ಸೆಟ್ಟು ಹಾಡುವಾಗ ಮಿಕ್ಸಿ ಹಾಕಬಾರದು, ಬೋರಿನ ಮೋಟರ್ ಹಾಕಬಾರದು, ಫ್ಯಾನೂ ತಿರುಗಬಾರದು. ಬೆವರು ಒರೆಸಿಕೊಳ್ತಾ ಕಣ್ಣು ಮುಚ್ಚಿ ಕೂತಿರೋರು. ಇಷ್ಟೆಲ್ಲ ಮಾಡಿದ ಮೇಲೂ ಪಕ್ಕದ ಮನೆಯ ಮಗ್ಗ ಟಕಟಕ ಅಂತಾನೇ ಇತ್ತು. ಹೋಗಿ ಮಗ್ಗದ ಯಜಮಾನರನ್ನ ಕೇಳಿದರು: "ಅಣ್ಣ, ದಿನಾ ಒಂದು ಅರ್ಧ ಗಂಟೆ ನಿಲ್ಲಿಸೋಕಾಗುತ್ತಾ?"

ಅವರು ಬಹಳ ಒಳ್ಳೆಯವರು. "ಅದಕ್ಕೇನು ಗುರು, ಕರೆಂಟ್ ಹೋದಾಗ ಬೀದಿಗೆ ಬೀದೀನೇ ನಿಲ್ಲುತ್ತೆ. ಆಗ ಆರಾಮಾಗಿ ಕೇಳ್ಕೊಳಿ" ಅಂದರಂತೆ.

ಇವರು ಖುಷಿಯಾಗಿ ಬಂದು ನನಗೆ ಹೇಳಿದರು. ಮಾರನೇ ಭಾನುವಾರ ಮಧ್ಯಾಹ್ನ ಕರೆಂಟ್ ಹೋಯ್ತು. ಬೀದಿಯಲ್ಲಿ ಸೊಳ್ಳೆ ಹಾರಿದರೂ ಕೇಳಿಸೋ ಅಷ್ಟು ನಿಶ್ಶಬ್ದ. ಇವರು ಎದ್ದು ಹೋಗಿ ಕುರ್ಚಿ ಸರಿ ಮಾಡಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಹಾಗೇ ನಿಂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತದೆ ಕುಚ್ಚು ಕಟ್ತಾ ಇದ್ದೆ.

"ಇನ್ವರ್ಟರ್ ಇದೆಯಲ್ಲ, ಅದಕ್ಕೆ ಹಾಕಿ" ಅಂದೆ, ಪಾಪ ಅನ್ನಿಸಿ.

"ಇನ್ವರ್ಟರ್ ಕರೆಂಟು ಶುದ್ಧವಾಗಿರಲ್ಲ ಕಣೇ."

ನಮ್ಮ ಮನೆಯಲ್ಲಿ ಯಾರಿಗೂ ಮಡಿ ಮೈಲಿಗೆ ಇಲ್ಲ. ಸೆಟ್ಟಿಗೆ ಮಾತ್ರ ಇದೆ.

ಗಿಳಿ ಹೆದರೋ ಸಿ.ಡಿ.

ಸೆಟ್ಟಿಗೆ ಹಾಡು ಬರೋದು ಒಂದು ಹಳೇ ಕಂಪ್ಯೂಟರಿನಿಂದ. ಎರಡರ ಮಧ್ಯೆ ಅಂಗೈ ಅಗಲದ ಇನ್ನೊಂದು ಡಬ್ಬಿ. ಆ ಡಬ್ಬಿ ಕೆಲಸ ಮಾಡಬೇಕಾದರೆ ಕಂಪ್ಯೂಟರಿನಲ್ಲಿ ಅದರದೇ ಡ್ರೈವರ್ ಸಾಫ್ಟ್‌ವೇರ್ ಇರಬೇಕು. ಡಬ್ಬಿ ಮಾಡಿದ ಕಂಪನಿ ಬಾಗಿಲು ಹಾಕಿಕೊಂಡಿದೆ. ಆ ಡ್ರೈವರ್ರೋ, ಹಳೇ ವಿಂಡೋಸ್ ಬಿಟ್ಟು ಬೇರೆ ಯಾವುದಕ್ಕೂ ಹೊಂದಲ್ಲ. ಆದ್ದರಿಂದ ಕಂಪ್ಯೂಟರನ್ನ ಇಂಟರ್ನೆಟ್ಟಿನ ಹತ್ತಿರಕ್ಕೂ ಬಿಡಬಾರದು ಅಂತ ಇವರ ಆಜ್ಞೆ.

ನಾದಿನಿ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡ್ತಾಳೆ, ಕಂಪನಿ ಬಸ್ಸಿನಲ್ಲಿ ಓಡಾಟ. ಒಂದು ದಿನ ಯಾವುದೋ ಪರೀಕ್ಷೆಗೆ ಅರ್ಜಿ ಹಾಕೋಕೆ ಅಂತ ತನ್ನ ಫೋನಿನ ನೆಟ್ಟು ಆ ಕಂಪ್ಯೂಟರಿಗೆ ಕೊಟ್ಟುಬಿಟ್ಟಳು. ಅದು ವರ್ಷಗಟ್ಟಲೆ ಉಪವಾಸ ಇದ್ದಿದ್ದು, ಬೇಕಾದ್ದು ಬೇಡದ್ದು ಎಲ್ಲಾ ಎಳೆದುಕೊಂಡು ಹೊಸ ವಿಂಡೋಸ್ ಆಗಿ ಕೂತಿತು. ಸೆಟ್ಟು ಮೂಕಾಯ್ತು.

ಡ್ರೈವರಿನ ಸಿ.ಡಿ. ಅಟ್ಟದ ಮೇಲಿತ್ತು. ಈಗ ಇರಲಿಲ್ಲ.

"ಆ ಫಳಫಳ ಅನ್ನೋ ತಟ್ಟೆಗಳಾ?" ಅಂದರು ಅತ್ತೆ. "ನನ್ನ ತಮ್ಮ ಬಂದಿದ್ದ. ದ್ರಾಕ್ಷಿಗೆ ಹಕ್ಕಿ ಕಾಟ ಅಂದ. ಒಂದು ಕವರು ಕೊಟ್ಟು ಕಳಿಸ್ದೆ."

ಅತ್ತೆಯ ತಮ್ಮನ ದ್ರಾಕ್ಷಿ ತೋಟ ದೊಡ್ಡಬೆಳವಂಗಲದ ಕಡೆ. ಬೈಕಿನಲ್ಲಿ ನಾವಿಬ್ಬರೂ ಹೋದೆವು. ಚಪ್ಪರದ ಉದ್ದಕ್ಕೂ ಸಿ.ಡಿ.ಗಳು ದಾರದಲ್ಲಿ ತೂಗಾಡ್ತಾ ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಇವರು ಕತ್ತು ಮೇಲಕ್ಕೆತ್ತಿಕೊಂಡು ಒಂದೊಂದೇ ಓದ್ತಾ ಸಾಲಿಂದ ಸಾಲಿಗೆ ಹೋದರು. ಸಿಕ್ಕಿತು.

"ಇದೊಂದು ಬಿಚ್ಚಿಕೊಡಿ ಮಾವ" ಅಂದರು.

"ಬೇರೆ ಯಾವುದಾದ್ರೂ ತಗೋ ಅಳಿಯ. ಅದನ್ನ ಮಾತ್ರ ಕೇಳ್ಬೇಡ. ಗಿಳಿಗಳು ಉಳಿದಿದ್ದಕ್ಕೆ ಕ್ಯಾರೇ ಅನ್ನಲ್ಲ, ಅದಕ್ಕೊಂದಕ್ಕೇ ಹೆದರೋದು. ಬೇಕೇ ಬೇಕು ಅಂದ್ರೆ ಬದಲಿ ತಂದು ಕಟ್ಟು."

ಇವರು ನನ್ನನ್ನ ತೋಟದಲ್ಲೇ ಬಿಟ್ಟು, ಮನೆಗೆ ಓಡಿ, ಬೀರು ತಡಕಾಡಿ ಒಂದು ಸಿ.ಡಿ. ತಂದು ಕಟ್ಟಿದರು. ಹಳೇ ವಿಂಡೋಸ್ ಮತ್ತೆ ಹಾಕಿಸಿ, ಹಕ್ಕಿ ಗಲೀಜು ತೊಳೆದ ಆ ಡ್ರೈವರ್ ಸಿ.ಡಿ. ತೂರಿಸಿದ ಮೇಲೆ ಸೆಟ್ಟಿಗೆ ಸ್ವರ ಬಂತು. ನಾದಿನಿಗೆ ಮಾತ್ರ ಹತ್ತು ದಿನ ಅಣ್ಣನ ಮುಖ ನೋಡೋಕೆ ಧೈರ್ಯ ಇರಲಿಲ್ಲ. ಅಡುಗೆಮನೆಯಲ್ಲಿ ನನ್ನ ಹತ್ತಿರ ಕಣ್ಣಲ್ಲಿ ನೀರು ಹಾಕಿಕೊಂಡಳು: "ಅತ್ತಿಗೆ, ಫ್ಯಾಕ್ಟರಿಯಲ್ಲಿ ಒಬ್ಬರು ಇದ್ದಾರೆ. ಅಣ್ಣನಿಗೆ ಹೇಳೋಣ ಅಂತಿದ್ದೆ. ಈಗ ಹೆಂಗೆ ಹೇಳೋದು?" ನಾನೇ ಸಮಯ ನೋಡಿ ಹೇಳಿದೆ. ಸದ್ಯ, ಒಪ್ಪಿಕೊಂಡರು. ದಸರಾ ಕಳೆದ ಮೇಲೆ ಗಂಡಿನ ಕಡೆಯವರು ಬರೋದು ಅಂತಾಯ್ತು.

ಬದಲಿ ಕಟ್ಟಿದ್ದು ನಮ್ಮ ಮದುವೆ ಸಿ.ಡಿ. ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅದನ್ನ ಕಟ್ಟಿದ ಮೇಲೆ ಗಿಳಿ ಇರಲಿ, ಕಾಗೆ ಕೂಡ ತೋಟಕ್ಕೆ ಬಂದಿಲ್ಲ ಅಂತ ಮಾವ ಬಹಳ ಸಂತೋಷಪಟ್ಟರು.

ಆಯುಧಪೂಜೆ

ಆಯುಧಪೂಜೆ ದಿನ ಅತ್ತೆ ಯಾವುದನ್ನೂ ಬಿಡಲ್ಲ. ಬೈಕು, ಮಿಕ್ಸಿ, ಈಳಿಗೆಮಣೆ, ನನ್ನ ಕುಚ್ಚಿನ ಸೂಜಿ, ಎಲ್ಲಕ್ಕೂ ಅರಿಶಿನ ಕುಂಕುಮ.

"ಅಮ್ಮ, ಸೆಟ್ಟಿಗೂ ಮಾಡು" ಅಂದರು ಇವರೇ. "ಗಾಡಿಗೆ ಸ್ಟಾರ್ಟ್ ಮಾಡೇ ತಾನೇ ಪೂಜೆ ಮಾಡೋದು? ಇದೂ ಆನ್ ಇರಲಿ."

ಒಂದು ಗಂಟೆ ಮುಂಚಿನಿಂದ ಕಾಯಿಸಿ ಇಟ್ಟರು. ಅತ್ತೆ ಪೆಟ್ಟಿಗೆಗೆ ಕುಂಕುಮ ಇಟ್ಟರು, ಹೂವು ಏರಿಸಿದರು, ಧೂಪ ಹಾಕಿದರು. ಆಮೇಲೆ ಮಾವಿನ ಎಲೆ ತೀರ್ಥದಲ್ಲಿ ಅದ್ದಿ ಎಲ್ಲಕ್ಕೂ ಚಿಮುಕಿಸಿದ ಹಾಗೇ ಅದಕ್ಕೂ ಚಿಮುಕಿಸಿದರು. ಕಾದ ಗಾಜಿನ ಮೇಲೆ ತಣ್ಣೀರು. ಟಪ್ ಅಂತ ಒಂದು ವಾಲ್ವು ಸೀಳಿ, ಒಳಗಿನ ಕೆಂಪು ಆರಿಹೋಯ್ತು.

ಇವರು ಓಡಿಬಂದು ಸ್ವಿಚ್ ಆರಿಸಿದರು.

"ನಂಗೇನಪ್ಪ ಗೊತ್ತು" ಅಂದರು ಅತ್ತೆ, ಸೆರಗಲ್ಲಿ ಕೈ ಒರೆಸಿಕೊಳ್ತಾ. "ದೇವರ ತೀರ್ಥ ತಡೀದೇ ಇರೋ ಸಾಮಾನು ಮನೇಲಿ ಯಾಕಿರಬೇಕು?"

ಹೆಣ್ಣು ನೋಡೋಕೆ ಬಂದವರು

ಬೆಂಗಳೂರೆಲ್ಲಾ ಅಲೆದು, ಒಡೆದಿದ್ದಕ್ಕೆ ಬದಲಿ ಒಂದು ವಾಲ್ವು ಹುಡುಕಿ ತಂದರು. ಸೆಟ್ಟು ಮತ್ತೆ ಹಾಡೋಕೆ ಶುರು ಮಾಡಿದ ಭಾನುವಾರವೇ ಹೊಸಕೋಟೆ ಕಡೆಯಿಂದ ಗಂಡಿನವರು ಬಂದರು. ಹುಡುಗ, ಅವನ ತಂದೆ, ತಾಯಿ. ಹುಡುಗ ನಾದಿನಿ ಇಬ್ಬರೂ ದಿನಾ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡೋರು. ಈಗ ಜನ್ಮದಲ್ಲೇ ನೋಡಿಲ್ಲ ಅನ್ನೋ ಹಾಗೆ ಒಬ್ಬರು ಗೋಡೆ, ಇನ್ನೊಬ್ಬರು ನೆಲ ನೋಡ್ತಾ ಇದ್ದರು.

ಹುಡುಗನ ತಂದೆ ಹೊಸಿಲು ದಾಟಿದವರೇ ನಿಂತುಬಿಟ್ಟರು. ನಾದಿನಿ ಕಾಫಿ ತಟ್ಟೆ ಹಿಡಿದು ಬಂದಿದ್ದಳು. ಅವರು ನೋಡಿದ್ದು ಅವಳನ್ನಲ್ಲ.

"ವಾಲ್ವ್ ಸೆಟ್ಟಾ? ನಡೆಯುತ್ತಾ?"

ಇವರ ಮುಖ ಊರಗಲ ಆಯ್ತು. ಸ್ವಿಚ್ ಹಾಕಿದರು. ಇಬ್ಬರೂ ನೆಲದ ಮೇಲೆ ಮೊಣಕಾಲೂರಿ ಸೆಟ್ಟಿನ ಹಿಂದೆ ತಲೆ ತೂರಿಸಿದರು. ಹುಡುಗಿ ನೋಡೋಕೆ ಬಂದವರ ಬೆನ್ನು ಮಾತ್ರ ನಮಗೆ ಕಾಣ್ತಿತ್ತು. ಕಾಫಿ ಆರಿಹೋಯ್ತು. ಎರಡು ಹಾಡು ಮುಗಿದ ಮೇಲೆ ಎದ್ದು ಬಂದು ಕೇಸರಿಬಾತಿನ ತಟ್ಟೆ ಹಿಡಿದು ಕೂತರು.

"ಹುಡುಗಿ ಒಪ್ಪಿಗೆ" ಅಂದರು ಹುಡುಗನ ತಂದೆ. "ನಾವು ವರದಕ್ಷಿಣೆ ತಗೊಳ್ಳೋ ಜನ ಅಲ್ಲ. ಚಿನ್ನ ಬೇಡ, ಗಾಡಿ ಬೇಡ." ಸೆಟ್ಟಿನ ಕಡೆ ನೋಡಿದರು. "ಪ್ರೀತಿಯಿಂದ ಏನಾದ್ರೂ ಕೊಟ್ಟರೆ ಬೇಡ ಅನ್ನೋದೂ ಇಲ್ಲ."

ಇವರ ಮುಖ ಸಪ್ಪಗಾಯ್ತು. "ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ ಯಜಮಾನ್ರೇ."

"ನಾವೇನೂ ಕೇಳ್ತಾ ಇಲ್ಲವಲ್ಲ" ಅಂದು ಅವರು ಚಮಚ ತಟ್ಟೆಯಲ್ಲಿ ಇಟ್ಟುಬಿಟ್ಟರು. ಅರ್ಧ ತಿಂದ ಕೇಸರಿಬಾತು ಹಾಗೇ ಉಳೀತು. ನಾದಿನಿಯ ಕಣ್ಣು ತುಂಬಿದ್ದು ನಾನು ನೋಡಿದೆ. ತಂಗಿ ಬಾಳಿಗಿಂತ ಒಂದು ಕಬ್ಬಿಣದ ಪೆಟ್ಟಿಗೆ ಹೆಚ್ಚಾಯ್ತಾ ಈ ಮನುಷ್ಯನಿಗೆ ಅಂತ ಕೋಪ ಬಂತು. ಹೋಗಲಿ, ಕೊಟ್ಟು ಕೈ ತೊಳೆದುಕೊಂಡರೆ ನನ್ನ ಕುಚ್ಚಿನ ಕೆಲಸಕ್ಕೆ ಜಾಗವಾದರೂ ಆಗುತ್ತೆ, ಹಾಗಂತ ಇವರಿಗೆ ಹೇಳಿಯೇ ಬಿಡೋಣ ಅಂತ ಅಡುಗೆಮನೆ ಬಾಗಿಲಿಗೆ ಬಂದು ಸನ್ನೆ ಮಾಡಿದೆ. ಎದ್ದು ಬಂದಿದ್ದು ಇವರಲ್ಲ, ಹುಡುಗನ ತಾಯಿ.

"ದಮ್ಮಯ್ಯ ಅಂತೀನಿ ಕಣಮ್ಮ" ಅಂದರು ನನ್ನ ಕೈ ಹಿಡಿದು. "ನಿಮ್ಮ ಹುಡುಗಿ ನಂಗೆ ಮನಸ್ಸಿಗೆ ಬಂದಿದ್ದಾಳೆ. ಆದ್ರೆ ಆ ಪೆಟ್ಟಿಗೆ ಮಾತ್ರ ನಮ್ಮನೆಗೆ ಕಳಿಸ್ಬೇಡಿ. ಆಗಲೇ ಮೂರಿವೆ. ಒಂದು ದೇವರ ಮನೇಲಿದೆ, ನಾನು ನಿಂತ್ಕೊಂಡೇ ಪೂಜೆ ಮಾಡೋದು."

"ಕೊಡ್ದೇ ಇದ್ರೆ ನಿಮ್ಮ ಯಜಮಾನ್ರು?"

"ಎದ್ದು ಹೋಗೋರೇ. ಹಠ ಅಂದ್ರೆ ಹಠ."

ಕೊಟ್ಟರೆ ಹುಡುಗಿಯ ಅತ್ತೆಗೆ ಕಷ್ಟ, ಕೊಡದಿದ್ದರೆ ಹುಡುಗಿಗೆ ಕಷ್ಟ. ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತೆವು. ಒಲೆ ಹತ್ತಿರ ಇದ್ದ ನಮ್ಮತ್ತೆ ಎಲ್ಲಾ ಕೇಳಿಸಿಕೊಂಡರು. ದೇವರ ಗೂಡಿನಿಂದ ತೀರ್ಥದ ತಾಮ್ರದ ಚೊಂಬು ತಗೊಂಡರು. ಬಾಗಿಲ ತೋರಣದಿಂದ ಒಂದು ಮಾವಿನ ಎಲೆ ಕಿತ್ತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಸೆಟ್ಟು ಚೆನ್ನಾಗಿ ಕಾದಿದೆಯೇನೇ?"

ನಾನು ಅವರ ಮುಖವನ್ನೇ ನೋಡಿದೆ. ಆಯುಧಪೂಜೆಯಿಂದ ಈಚೆಗೆ, ಪಾಪ ವಯಸ್ಸಾದವರು, ಗೊತ್ತಿಲ್ಲದೆ ಆಯ್ತು ಅಂತ ಇವರ ಹತ್ತಿರ ವಕಾಲತ್ತು ಮಾಡಿದವಳು ನಾನೇ.

"ಕಾದಿದೆ ಅತ್ತೆ" ಅಂದೆ.

ಹಾಲಿಗೆ ಹೋದರು. "ಶುಭದ ಮಾತಾಡೋ ಜಾಗ, ತೀರ್ಥ ಬೀಳ್ದೇ ಇರಬಾರದು" ಅಂತ ಹುಡುಗನಿಗೆ ಚಿಮುಕಿಸಿದರು, ಅವನ ತಂದೆಗೆ ಚಿಮುಕಿಸಿದರು, ತಮ್ಮ ಮಗನಿಗೂ ಚಿಮುಕಿಸಿದರು. ಮುಂದೇನು ಅಂತ ಹೊಳೆದು ಇವರು "ಅಮ್ಮ" ಅಂತ ಏಳೋದರೊಳಗೆ ಎಲೆ ಸೆಟ್ಟಿನ ಮೇಲೆ ಆಡಿತು. ಟಪ್. ಹಿಂದೆಯೇ ಇನ್ನೊಂದು ಟಪ್.

ಹುಡುಗನ ತಂದೆ ಎದ್ದು ನಿಂತರು. "ಶುಭಕಾರ್ಯದಲ್ಲಿ ಗಾಜು ಒಡೀತಲ್ಲ."

"ದೃಷ್ಟಿ ಹೋಯ್ತು" ಅಂದರು ಅತ್ತೆ.

"ಹೌದು, ಎಂಥ ಕೆಟ್ಟ ದೃಷ್ಟಿ ಇತ್ತೋ ಏನೋ" ಅಂದರು ಹುಡುಗನ ತಾಯಿ, ಅಡುಗೆಮನೆಯಿಂದ ಬರ್ತಾ ಬರ್ತಾ. "ಇನ್ನು ತಡ ಮಾಡೋದು ಬೇಡ, ತಾಂಬೂಲದ ತಟ್ಟೆ ತನ್ನಿ."

ಗಂಡಸರಿಬ್ಬರಿಗೂ ಅದು ಕಿವಿಗೆ ಬೀಳಲಿಲ್ಲ. ಮತ್ತೆ ನೆಲದ ಮೇಲೆ ಮೊಣಕಾಲೂರಿದ್ದರು. ಹುಡುಗನ ತಂದೆ ಇವರ ಹೆಗಲ ಮೇಲೆ ಕೈ ಇಟ್ಟು, "ಜೋಡಿ ವಾಲ್ವು ಹೋಯ್ತಾ?" ಅಂದರು. "ಜೋಡಿ" ಅಂದರು ಇವರು. "ನೀವು ಯೋಚನೆ ಮಾಡ್ಬೇಡಿ, ಇಬ್ಬರೂ ಸೇರಿ ಹುಡುಕೋಣ" ಅಂತ ಅವರು ಸಮಾಧಾನ ಹೇಳಿದರು. ಕೊಡೋದು, ತಗೊಳ್ಳೋದು, ಯಾವ ಮಾತೂ ಆಮೇಲೆ ಬರಲಿಲ್ಲ. ಸಾವಿನ ಮನೆಯಲ್ಲಿ ಕೂತವರ ಮುಖ ಮಾಡಿಕೊಂಡೇ ಇಬ್ಬರೂ ತಾಂಬೂಲ ಬದಲಾಯಿಸಿದರು.

ಮದುವೆ ಚೆನ್ನಾಗಿ ಆಯ್ತು. ನಾದಿನಿ ಸುಖವಾಗಿದ್ದಾಳೆ. ಬೀಗರಿಬ್ಬರೂ ಪ್ರತಿ ಭಾನುವಾರ ಬೆಂಗಳೂರಿನ ಗುಜರಿ ಅಂಗಡಿ ಸುತ್ತುತ್ತಾರೆ. ಮೊನ್ನೆ ಇವರು ಖುಷಿಯಾಗಿ ಬಂದು, ಎಲ್ಲೋ ಅದೇ ಥರದ ಜೋಡಿ ವಾಲ್ವು ಇದೆಯಂತೆ ಅಂದರು. ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ.

ಅತ್ತೆ ಹುರುಳಿಕಾಯಿ ಸೋಸ್ತಾ ಇದ್ದರು. ತಲೆ ಕೂಡ ಎತ್ತಲಿಲ್ಲ.

"ಸಿಕ್ಕರೆ ಸಿಗಲಿ ಬಿಡು. ತೀರ್ಥಕ್ಕೇನು ಬರವಾ?"